ಬರಿಗೈ

“ಮಾಸ್ಕ್ ತೆಗೀರಿ, ಮಗಳ ಬಾಜೂಕ ಹೋಗಿ ಕುಂದ್ರಿ,” ಎಂದರು ಡಾಕ್ಟರು.

ವಾಡಿಯ ರಮಾಬಾಯಿಗೆ ನಂಬಲಾಗಲಿಲ್ಲ. ರಕ್ತದ ಕ್ಯಾನ್ಸರಿಗೆ ಕೊಟ್ಟ ಔಷಧಿ, ರೋಗಾಣುಗಳ ಜೊತೆ ಹೋರಾಡುವ ಬಿಳಿ ಕಣಗಳನ್ನೂ ಮಗಳು ಕರುಣಾಳ ಮೈಯಿಂದ ಅಳಿಸಿಹಾಕಿತ್ತು. ತಾಯಿಯ ಕೈ ಸೋಕಿದರೂ ಅಪಾಯವೆಂದು ಇಪ್ಪತ್ತು ದಿನ ಆಕೆಯನ್ನು ಗಾಜಿನಾಚೆಯೇ ನಿಲ್ಲಿಸಿದ್ದರು.

“ಬಿಳಿ ಕಣ ಏರ್ಯಾವೇನ್ರಿ?” ಎನ್ನುತ್ತ ಆಕೆ ರೂಢಿಯಂತೆ ಕೈ ತೊಳೆಯಲು ಸೋಪು ತೆಗೆದುಕೊಂಡಳು. ಡಾಕ್ಟರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನರ್ಸ್ ಮೆಲ್ಲಗೆ ಆ ಸೋಪನ್ನು ಇಸಿದುಕೊಂಡು, “ಇನ್ನ ಅದೆಲ್ಲ ಬ್ಯಾಡ್ರಿ ಅವ್ವಾ, ಲಗೂ ಹೋಗ್ರಿ,” ಎಂದಳು. ಆಗ ರಮಾಬಾಯಿಗೆ ಎಲ್ಲ ತಿಳಿಯಿತು; ಕಣಗಳು ಏರಿರಲಿಲ್ಲ.

ಹಣೆಗೆ ತಾಯಿಯ ಬರಿಗೈ ತಾಗುತ್ತಲೇ ಕರುಣಾ ಕಣ್ಣು ತೆರೆದು ನಕ್ಕಳು. “ಮುಟ್ಟಾಕ ಬಿಟ್ಟಾರಂದ್ರ ನಾ ಆರಾಮ ಆದೆ, ಹೌದಿಲ್ಲಬೇ?”

“ಹೌದು ನನ್ನವ್ವ,” ಎಂದಳು ರಮಾಬಾಯಿ.