ಪದಕದ ಪಿನ್ನು

ಬಾಣಂತಿ ಆಫ್ರಾ ಕೂಸಿನ ಬಲಗಾಲನ್ನು ಹೊದಿಕೆಯೊಳಗೆ ಮುಚ್ಚಿಕೊಂಡಳು. ಆದರೆ ಒಳಕ್ಕೆ ಸೊಟ್ಟಗೆ ತಿರುಗಿದ್ದ ಪಾದವನ್ನು ಸೂಲಗಿತ್ತಿ ವಾಲ್ಬುರ್ಗಾ ಆಗಲೇ ನೋಡಿಯಾಗಿತ್ತು. ಇಂಥ ಕೂಸು ಹುಟ್ಟಿದರೆ ಆರೋಗ್ಯ ಕಚೇರಿಗೆ ತಿಳಿಸಲೇಬೇಕೆಂದು ನಾಜಿ ಸರ್ಕಾರದ ಕಟ್ಟಪ್ಪಣೆಯಿತ್ತು. ಇಪ್ಪತ್ತೈದು ವರ್ಷದ ನಿಷ್ಠೆಯ ಸೇವೆಗೆಂದು ಅದೇ ಸರ್ಕಾರ ಅಂದು ಬೆಳಿಗ್ಗೆ ಕೊಟ್ಟ ಸ್ವಸ್ತಿಕದ ಬೆಳ್ಳಿ ಪದಕ ವಾಲ್ಬುರ್ಗಾಳ ಎದೆಯ ಮೇಲೆಯೇ ತೂಗುತ್ತಿತ್ತು.

“ಇದನ್ನ ಯಾತಕ್ಕೆ ಕೊಟ್ರು ಚಿಕ್ಕಮ್ಮ? ಪಕ್ಕದ್ಮನೆ ರೋಸಲ್‌ಳ ಮಗೂನ ಕಚೇರಿಗೆ ಹಿಡಿದುಕೊಟ್ಟಿದ್ದಕ್ಕಾ?”

“ದೊಡ್ಡಾಸ್ಪತ್ರೇಲಿ ವಾಸಿ ಮಾಡ್ತೀವಿ ಅಂದಿದ್ರು ಕಣೇ.”

“ಮಾಡಿದ್ರಲ್ಲ, ಚೆನ್ನಾಗಿ! ಡಬ್ಬೀಲಿ ಅದರ ಬೂದಿ ಬಂತು.”

ವಾಲ್ಬುರ್ಗಾ ಕೂಸನ್ನು ಭುಜದಿಂದ ಪಾದದವರೆಗೆ ಉದ್ದನೆಯ ಬಟ್ಟೆಪಟ್ಟಿಯಿಂದ ಬಿಗಿಯಾಗಿ ಸುತ್ತಿದಳು. ಎದೆಯ ಪದಕ ಕಿತ್ತು, ಅದರ ಪಿನ್ನನ್ನು ಬಿಡಿಸಿ, ಸೊಟ್ಟ ಪಾದದ ಮೇಲೆ ಪಟ್ಟಿಯ ತುದಿಗೆ ಸಿಕ್ಕಿಸಿದಳು.

“ಎರಡೂ ಕಾಲು ನೆಟ್ಟಗಿವೆ ಅಂತಲೇ ಕಚೇರೀಲಿ ಹೇಳ್ತೀನಿ. ಯಾರ ಮುಂದೂ ಬಿಚ್ಚಬೇಡ.”

ಊರ ವಾಡಿಕೆಯಂತೆ ಕೂಸನ್ನು ದೀಕ್ಷಾಸ್ನಾನಕ್ಕೆ ಚರ್ಚಿಗೆ ಎತ್ತಿಕೊಂಡು ಹೋಗುವವಳು ಸೂಲಗಿತ್ತಿಯೇ. ಊರಿನ ಅಷ್ಟೂ ಮಕ್ಕಳನ್ನು ಎತ್ತಿಕೊಂಡಿದ್ದ ಕೈಗಳನ್ನು ವಾಲ್ಬುರ್ಗಾ ಚಾಚಿದಳು. ಹಸಿ ಬಾಣಂತಿ ಚರ್ಚಿನ ಮೆಟ್ಟಿಲು ಹತ್ತುವ ಪದ್ಧತಿ ಆ ಊರಲ್ಲಿರಲಿಲ್ಲ. ಆಫ್ರಾ ಗೋಡೆ ಹಿಡಿದು ಮೇಲೆದ್ದಳು.

“ಬ್ಯಾಡ ಚಿಕ್ಕಮ್ಮ. ನಾನೇ ಎತ್ಕೊಂಡು ಹೋಗ್ತೀನಿ.”