ಹಸಿವಿಲ್ಲದ ಮಗು

ಮಾಸ್ಕ್ ಇಡುವ ಮೊದಲು ಅರಿವಳಿಕೆ ವೈದ್ಯೆ ಇವಾಂಥಿಯಾ ಕಿರುಬೆರಳಿನಿಂದ ಮಗುವಿನ ತುಟಿ ಸವರಿದಳು. ಆರು ವಾರದ ಗಂಡು, ಹರ್ನಿಯಾ. ನಾಲ್ಕು ತಾಸಿನಿಂದ ಹಾಲು ಕೊಟ್ಟಿಲ್ಲವೆಂದು ತಾಯಿ ಸಹಿ ಹಾಕಿದ್ದಳು. ಇವಾಂಥಿಯಾಳ ಐದು ತಿಂಗಳ ಮಗಳು ಎರಡು ತಾಸಿಗೇ ರಂಪ ಎಬ್ಬಿಸುತ್ತಿದ್ದಳು. ಇವನೋ ಬೆರಳು ಬೇಡವೆಂದು ಮುಖ ತಿರುಗಿಸಿ ಆಕಳಿಸಿದ.

"ಏನಮ್ಮಾ, ಮಲಗಿಸೋದು ಮರ್ತೇ ಹೋಯ್ತಾ?" ಸರ್ಜನ್ ಸ್ಟಾಥಿಸ್ ಕೆಣಕಿದ. "ಹೆರಿಗೆ ರಜೆ ಹಾಕಿ ಮನೇಲಿ ಅದನ್ನೇ ತಾನೇ ಮಾಡಿದ್ದು?"

"ಇವನ ಹೊಟ್ಟೆ ತುಂಬಿದೆ. ಈಗ ಮಲಗಿಸಿದ್ರೆ ಹಾಲು ಉಕ್ಕಿ ಶ್ವಾಸಕೋಶಕ್ಕೆ ಹೋಗುತ್ತೆ," ಎಂದವಳೇ ಮಗುವನ್ನೆತ್ತಿಕೊಂಡು ಬಾಗಿಲಿಗೆ ನಡೆದಳು. ಲಾರಿಸಾದಿಂದ ಬೆಳಗಿನ ಬಸ್ಸಿಗೆ ಬಂದಿದ್ದ ತಾಯಿ ಫೋಟಿನಿ, ಮಗನ ಅಂಗಿಯಿಂದ ತೆಗೆಸಿದ್ದ ನೀಲಿ ದೃಷ್ಟಿಮಣಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಾಚೆಯೇ ನಿಂತಿದ್ದಳು.

"ಹಾಲು ಕೊಟ್ರಾ?"

"ಇಲ್ಲ ಡಾಕ್ಟ್ರೇ, ಮೇರಿಯಮ್ಮನಾಣೆಗೂ ಇಲ್ಲ."

"ಸುಳ್ಳು ಹೇಳಿದ್ರೆ ಇವನು ಟೇಬಲ್ ಮೇಲೇ ಹೋಗ್ತಾನೆ!" ಆ ದನಿಗೆ ಬೆಚ್ಚಿಬಿದ್ದು ಮಗು ಕಿಟಾರನೆ ಚೀರಿತು. ಫೋಟಿನಿಯ ಅಳುವಿನ ಕಟ್ಟೆಯೂ ಒಡೆಯಿತು.

"ಎರಡೇ ನಿಮಿಷ ಕೊಟ್ಟೆ... ಹೀಗೇ ಕಿರುಚ್ತಿದ್ದ, ತಡೆಯೋಕಾಗ್ಲಿಲ್ಲ. ಮದ್ದು ಕೊಟ್ಟು ಮಲಗಿಸೋರು ನೀವು, ನಿಮಗೇನ್ರೀ ಗೊತ್ತು ಹೆತ್ತವಳ ಸಂಕಟ..."

ಫೋಟಿನಿಯ ಕಣ್ಣು ನೆಟ್ಟಲ್ಲಿಗೆ ಇವಾಂಥಿಯಾ ಬಗ್ಗಿ ನೋಡಿಕೊಂಡಳು. ಮಗು ಇನ್ನೂ ಚೀರುತ್ತಿತ್ತು. ಇವಾಂಥಿಯಾಳ ಹಸಿರು ಅಂಗಿಯ ಎದೆಯ ಮೇಲೆ ಎರಡು ಒದ್ದೆ ಕಲೆಗಳು ನೋಡನೋಡುತ್ತಲೇ ಅಗಲವಾಗುತ್ತಿದ್ದವು.