ಸದ್ದು ಮಾಡದ ಲಾರಿ

ವೆಲ್ಡಿಂಗ್ ವಾಸನೆ ಬಂದರೆ ಈಗಲೂ ನನಗೆ ಅಪ್ಪನ ಹಳೇ ಲಾರಿ ನೆನಪಾಗುತ್ತದೆ.

ಅದರ ತೂತುಬಿದ್ದ ಸೈಲೆನ್ಸರ್ ಸದ್ದು ಕೆರೆ ಏರಿಯ ತಿರುವಿನಿಂದಲೇ ಮನೆಗೆ ಕೇಳುತ್ತಿತ್ತು. ಕೇಳಿದೊಡನೆ ಅವ್ವ ಮುದ್ದೆಗೆ ಎಸರಿಡುತ್ತಿದ್ದಳು. ಅಪ್ಪನಿಗೆ ಆರಿದ ಮುದ್ದೆ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಹಾಸನದಲ್ಲಿ ಹೊಸ ಸೈಲೆನ್ಸರ್ ಹಾಕಿಸಿಕೊಂಡು ಬಂದ. ಅಂಗಿಯೆಲ್ಲ ವೆಲ್ಡಿಂಗ್ ವಾಸನೆ. ಲಾರಿ ಬಾಗಿಲಿಗೆ ಬಂದು ನಿಂತರೂ ನಮಗೆ ಗೊತ್ತಾಗಿರಲಿಲ್ಲ. ಅವ್ವ ನನಗೆ ಜಡೆ ಹಾಕುತ್ತಾ ಕೂತಿದ್ದಳು.

“ಎಂಗೈತೆ? ಒಸಿನೂ ಸದ್ದಿಲ್ಲ ಕಣೆ,” ಅಂದ ಅಪ್ಪ.

“ಚೆಂದಾಗೈತೆ. ನೀವು ಬಂದುದ್ದೇ ಗೊತ್ತಾಗ್ನಿಲ್ಲ. ಇನ್ನೂ ಎಸ್ರೇ ಇಟ್ಟಿಲ್ಲ,” ಅಂದಳು ಅವ್ವ.

ಅಪ್ಪ ಜಗಲಿಯ ಮೇಲೆ ಕೂತು ಕಾದ.

ಮಾರನೆಯ ದಿನ ಕೆರೆ ಏರಿಯ ಕಡೆಯಿಂದ ಉದ್ದನೆಯ ಹಾರ್ನ್ ಕೇಳಿಸಿತು. ಅವ್ವ ನನ್ನ ಜಡೆಯನ್ನು ಅರ್ಧಕ್ಕೇ ಬಿಟ್ಟು ಒಲೆಯ ಕಡೆ ನಡೆದಳು.